ಮಂಡಿ ಬೋರ್ಡಿನ ಮೇಲಿನ ಹಡಗುಗಳು

ಅಜ್ಜಂಪುರದ ಓಂಕಾರಪ್ಪ ತನ್ನ ಮಂಡಿಯ ಬೋರ್ಡಿನಿಂದ ಈರುಳ್ಳಿ ದರ ಒರೆಸಿ ಯುದ್ಧನೌಕೆಗಳ ಪಟ್ಟಿ ಬರೆದಿದ್ದ. ಎಡಕ್ಕೆ ನಮ್ಮವು, ಬಲಕ್ಕೆ ಅವರವು. ಹೆಸರು, ಉದ್ದ, ಕ್ಷಿಪಣಿ ಎಷ್ಟು, ಎಲ್ಲವೂ ಇತ್ತು. ಟಿವಿಯಲ್ಲಿ ಯುದ್ಧದ ಸುದ್ದಿ ಬಂದಾಗಲೆಲ್ಲ ಅಂಕಿ ತಿದ್ದುತ್ತಿದ್ದ. ಸಮುದ್ರವನ್ನೇ ಕಾಣದ ಹತ್ತು ಜನ ಸುತ್ತ ನಿಂತು ಕೇಕೆ ಹಾಕುತ್ತಿದ್ದರು.

"ನಮ್ದು ಒಂದೊಂದೂ ನಮ್ಮೂರ ರೈಲ್ವೆ ಪ್ಲಾಟ್‌ಫಾರ್ಮಿನಷ್ಟು ಉದ್ದ ಕಣ್ರೋ!" ಎಂದ ಓಂಕಾರಪ್ಪ ನನ್ನನ್ನು ಕಂಡು, "ಕರಿಯಣ್ಣ, ನೀನು ನೇವಿಲಿದ್ದೋನು. ಅವ್ರದ್ದು ಎಷ್ಟು ಮುಳುಗಿದ್ರೆ ನಾವು ಗೆದ್ದಂಗೆ, ಹೇಳು" ಎಂದ.

ನನಗೆ ಮೈಯೆಲ್ಲ ಉರಿದುಹೋಯಿತು. "ಒಳಗೆ ಎಷ್ಟು ಜನ ಇರ್ತಾರೆ ಅಂತ ಬರ್ದಿದ್ದೀಯೇನ್ಲೇ?"

"ಅದ್ಯಾಕೆ? ಹಡಗು ಎಣಿಸಿದ್ರೆ ಸಾಕಲ್ವಾ?"

ಅವನ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡೆ. "ನಾನು ನೇವಿಲಿದ್ದಾಗ ನಮ್ಮ ಹಡಗಿನ ಇಂಜಿನ್ ರೂಮಿಗೆ ಬೆಂಕಿ ಬಿತ್ತು. ಮೇಲಿನ ಬಾಗಿಲು ಹಾಕು ಅಂದ್ರು, ಹಾಕ್ದೆ. ಇಲ್ದಿದ್ರೆ ಇಡೀ ಹಡಗೇ ಹೋಗ್ತಿತ್ತು. ಕೆಳಗೆ ಮೂರು ಜನ ಇದ್ರು. ಬಾಗಿಲು ಬಡೀತಾನೇ ಇದ್ರು ಕಣೋ!"

ಎಡಗಡೆಯ ಪಟ್ಟಿಯಲ್ಲಿ ಆ ಹಡಗಿನ ಹೆಸರಿತ್ತು. ಅದರ ಪಕ್ಕದಲ್ಲಿ ಆ ಮೂವರ ಹೆಸರು ಬರೆದೆ. ಸಿಟ್ಟಿಗೆ ಸೀಮೆಸುಣ್ಣ ಎರಡು ಸಲ ಮುರಿಯಿತು.

ಮರುದಿನ ಹೋಗಿ ನೋಡಿದೆ. ಹಡಗು ಬೋರ್ಡಿನ ಮೇಲೆ ಹಾಗೆಯೇ ಇತ್ತು. ಮೂವರ ಹೆಸರು ಒರೆಸಿ, ಆ ಜಾಗದಲ್ಲಿ ಓಂಕಾರಪ್ಪ ಈರುಳ್ಳಿ ದರ ಬರೆದಿದ್ದ.