ಮೂರು ಸೊನ್ನೆ

ನನಗೆ ಮೂಗಿನ ತುದೀಲೇ ಕೋಪ. ಅದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಆವತ್ತು ಆಗಿದ್ದಕ್ಕೆ ಅರ್ಧ ಕಾರಣ ಅದೇ.

ನನ್ನ ಕೆಲಸ ಡ್ರೈವರ್ ಬರೆಯೋದು. ಯಂತ್ರದೊಳಗಿನ ಕಂಪ್ಯೂಟರಿಗೆ ಆ ಯಂತ್ರವನ್ನ ಹೇಗೆ ನಡೆಸಬೇಕು ಅಂತ ಹೇಳಿಕೊಡೋ ಪ್ರೋಗ್ರಾಂ ಅದು. ರಕ್ತ ಇಡೋ ಫ್ರಿಜ್‌ಗಳಿಗೆ ನಾನು ಬರೆದ ಡ್ರೈವರ್ ಕರ್ನಲ್ ಅನ್ನೋ ಕಂಪ್ಯೂಟರಿನ ತೀರಾ ಒಳಗಿನ ಭಾಗದಲ್ಲಿ, ಯಾರ ಕೈಗೂ ಎಟುಕದ ಜಾಗದಲ್ಲಿ ಕೂತಿರುತ್ತೆ. ಎಷ್ಟು ತಣ್ಣಗಿರಬೇಕು ಅಂತ ಟೂಲುಗಳು ಅನ್ನೋ ಹೊರಗಿನ ಪ್ರೋಗ್ರಾಂಗಳು ಅದಕ್ಕೆ ಹೇಳಬೇಕಲ್ಲ, ಅದಕ್ಕೆ ಒಂದು ಪುಟ್ಟ ಫೈಲು ಬಿಟ್ಟಿದ್ದೆ. ಅದರಲ್ಲಿ ಅಂಕೆ ಬರೆದ್ರೆ ಫ್ರಿಜ್ ಕೇಳುತ್ತೆ. ಕರ್ನಲ್‌ನಲ್ಲಿ ನಾವು ದಶಾಂಶ ಬಳಸಲ್ಲ; ಡಿಗ್ರಿಯನ್ನ ಸಾವಿರ ಭಾಗ ಮಾಡಿ ಲೆಕ್ಕ ಇಡ್ತೀವಿ. ನಾಲ್ಕು ಡಿಗ್ರಿ ಬೇಕಾದ್ರೆ ನಾಲ್ಕು ಸಾವಿರ ಅಂತ ಬರೀಬೇಕು.

ನನ್ನ ಕೋಡ್ ನೋಡಿ ಒಪ್ಪಿಗೆ ಕೊಡೋ ಹಿರಿಯರನ್ನ ಆಫೀಸಲ್ಲಿ ತಾತ ಅಂತೀವಿ. "ಆ ಫೈಲಿಗೆ ಯಾರಾದ್ರೂ ಏನೇನೋ ಬರೆದ್ರೆ? ಎರಡು ಡಿಗ್ರಿಗಿಂತ ಕಮ್ಮಿ, ಆರಕ್ಕಿಂತ ಜಾಸ್ತಿ ಬಂದ್ರೆ ಒಪ್ಪಲ್ಲ ಅನ್ನೋ ಎರಡು ಸಾಲು ಹಾಕಮ್ಮ," ಅಂದಿದ್ರು. ಹೇಳಿದ್ದು ಮಾಡೋದಷ್ಟೇ ಡ್ರೈವರ್ ಕೆಲಸ, ಬುದ್ಧಿ ಹೇಳೋದಲ್ಲ ಅಂತ ನಾನು ಸಿಡುಕಿದ್ದೆ. ನನ್ನ ಬಾಯಿಗೆ ಹೆದರಿ ಅವರು ಹಾಗೇ ಒಪ್ಪಿಗೆ ಕೊಟ್ಟುಬಿಟ್ರು.

ಆವತ್ತು ಬೆಳಗ್ಗೆ ಹತ್ತೂವರೆಗೆ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಅಕ್ಕನ ಮಂಚದ ಪಕ್ಕ ಕೂತಿದ್ದೆ. ಹನ್ನೊಂದಕ್ಕೆ ಅವಳ ಹೊಟ್ಟೆಯ ಗಡ್ಡೆ ತೆಗೆಯೋರಿದ್ರು. ಅವಳದ್ದು ಅಪರೂಪದ ರಕ್ತದ ಗುಂಪು. ನಾಲ್ಕು ಚೀಲ ಒಟ್ಟು ಮಾಡೋಕೆ ಮೂರು ವಾರ ಹಿಡಿದಿತ್ತು; ಅವು ಕೆಳಗೆ ನಾನು ಡ್ರೈವರ್ ಬರೆದ ಫ್ರಿಜ್ಜಿನಲ್ಲೇ ಇದ್ದವು. ಆ ಮೂರು ವಾರವೂ ಅವಳು ಹಲ್ಲು ಕಚ್ಚಿಕೊಂಡು ನೋವು ತಿಂದಿದ್ದಳು. ಅಕ್ಕ ಗಣಿತದ ಮೇಡಂ, ಶಾಲೆಯಲ್ಲೂ ಮನೆಯಲ್ಲೂ; ಉತ್ತರದ ಅಂಕೆ ಬರೆದು ಅದು ಕಿಲೋನಾ ಲೀಟರಾ ಅಂತ ಬರೀದೆ ಹೋದ್ರೆ ಸೊನ್ನೆ ಕೊಡೋಳು.

ಅಷ್ಟರಲ್ಲಿ ಟೂಲ್ ಬರೆಯೋ ನನ್ನ ಜೊತೆಗಾರ ಫೋನ್ ಮಾಡಿದ. ಅವನನ್ನ ನಾವು ಕರೆಯೋದೇ ಅವಸರ ಅಂತ.

"ಅಕ್ಕನಿಗೆ ಧೈರ್ಯ ಹೇಳು. ಅಂದ ಹಾಗೆ, ಹೊಸ ಟೂಲು ಎಂಟು ಗಂಟೆಗೆ ಎಲ್ಲ ಆಸ್ಪತ್ರೆಗೂ ಹೋಯ್ತು. ಆ ಮೂರು ಸೊನ್ನೆ ಕಣ್ಣಿಗೆ ಚುಚ್ತಿತ್ತು ಕಣೇ, ಕಿತ್ತು ಹಾಕ್ದೆ. ಈಗ ನೀಟಾಗಿ ಬರೀ ನಾಲ್ಕು."

"ಸ್ಕ್ರೀನ್ ಮೇಲೆ ಕಿತ್ತೆಯಾ, ಫೈಲಲ್ಲಿ ಕಿತ್ತೆಯಾ?"

"ಎರಡರಲ್ಲೂ."

ನನ್ನ ಡ್ರೈವರಿಗೆ ಬರೀ ನಾಲ್ಕು ಅಂದ್ರೆ ಹೆಚ್ಚುಕಮ್ಮಿ ಸೊನ್ನೆ ಡಿಗ್ರಿ. ಕಂಪ್ರೆಸರ್ ಅದರ ಕೆಳಗೆ ಇನ್ನೂ ಒಂದೆರಡು ಡಿಗ್ರಿ ಇಳಿದೇ ನಿಲ್ಲೋದು. ಎರಡೂವರೆ ಗಂಟೆಯಿಂದ ಅಕ್ಕನ ರಕ್ತ ಮಂಜುಗಡ್ಡೆ ಆಗ್ತಾ ಇದೆ.

ಅವಸರನಿಗೂ ಹೊಳೀತು. "ತಡಿ, ಇಲ್ಲಿಂದಲೇ ನಾಲ್ಕು ಸಾವಿರ ಬರೀತೀನಿ. ಸ್ವಲ್ಪ ಹೊತ್ತಲ್ಲಿ ಎಲ್ಲ ಸರಿಹೋಗುತ್ತೆ. ಯಾರಿಗೂ ಗೊತ್ತೂ ಆಗಲ್ಲ."

"ಮುಟ್ಟಬೇಡ," ಅಂದೆ. ಕರಗಿದ ಮೇಲೆ ಆ ಚೀಲ ನೋಡೋಕೆ ಒಳ್ಳೇ ಚೀಲದ ಹಾಗೇ ಇರುತ್ತೆ. ಒಳಗಿನ ಕಣಗಳು ಒಡೆದು ಹೋಗಿರ್ತವೆ. ಅಂಥ ರಕ್ತ ಹತ್ತಿಸಿದ್ರೆ ಜೀವಕ್ಕೇ ಸಂಚಕಾರ. "ಮಂಜುಗಡ್ಡೆ ಕಟ್ಟಿರೋದು ಕಣ್ಣಿಗೆ ಕಾಣಲಿ. ಒಂದು ಚೀಲವನ್ನೂ ಕೊಡಬೇಡಿ ಅಂತ ಎಲ್ಲ ಆಸ್ಪತ್ರೆಗೂ ಫೋನ್ ಮಾಡು. ಚೀಲ ಎಲ್ಲ ಹೊರಗೆ ಬರೋವರೆಗೂ ಏನೂ ಬರೀಬೇಡ."

"ಏನೇ ಅದು?" ಅಂದಳು ಅಕ್ಕ. ಏನಿಲ್ಲ ಅಂತ ಸುಳ್ಳು ಹೇಳಿ ಮೆಟ್ಟಿಲ ಕಡೆ ಓಡಿದೆ.

ನೆಲಮಾಳಿಗೆಯ ರಕ್ತನಿಧಿಯಲ್ಲಿ ಬಿಳಿ ಕೋಟಿನ ಟೆಕ್ನಿಷಿಯನ್ ಮೇಡಂ ಒಬ್ಬರೇ ಚೀಟಿ ಅಂಟಿಸ್ತಾ ಕೂತಿದ್ರು. ಫ್ರಿಜ್ ತೆಗೀರಿ ಅಂದ್ರೆ ನನ್ನನ್ನ ಮೇಲಿಂದ ಕೆಳಗೆ ನೋಡಿದ್ರು.

"ನೀವ್ಯಾರಮ್ಮ? ಇಲ್ಲಿಗೆಲ್ಲ ಬರೋ ಹಾಗಿಲ್ಲ."

"ಆ ಫ್ರಿಜ್ಜಿನ ಒಳಗಿರೋ ಪ್ರೋಗ್ರಾಂ ಬರೆದವಳು. ಅದು ತಪ್ಪಾಗಿ ನಡೀತಿದೆ."

"ಸ್ಕ್ರೀನ್ ಮೇಲೆ ನಾಲ್ಕು ಅಂತಿದೆ. ದೀಪವೂ ಹಸಿರು."

"ನಾಲ್ಕು ನಾವು ಕೇಳಿದ್ದು ಮೇಡಂ, ಅದು ಕೊಟ್ಟಿದ್ದಲ್ಲ. ನಾಲ್ಕನ್ನ ಅದು ಸೊನ್ನೆ ಡಿಗ್ರಿ ಅಂತ ತಿಳ್ಕೊಂಡಿದೆ, ಸೊನ್ನೆ ಮುಟ್ಟಿದ್ರೂ ದೀಪ ಹಸಿರೇ ಇರುತ್ತೆ. ನಿಮ್ಮ ಗಾಜಿನ ಥರ್ಮಾಮೀಟರ್ ನೋಡಿ, ಕೈ ಮುಗೀತೀನಿ."

ಅವರು ಬಾಗಿಲು ತೆಗೆದ್ರು. ಥರ್ಮಾಮೀಟರಿನ ಗೆರೆ ಸೊನ್ನೆಯ ಕೆಳಗಿತ್ತು. ಮೇಲಿನ ತಟ್ಟೆಯ ಒಂದು ಚೀಲವನ್ನ ಎರಡು ಬೆರಳಲ್ಲಿ ಅದುಮಿದ್ರು. ಕರಕರ ಅಂದಿತು. ಮೇಡಂ ಉಳಿದ ತಟ್ಟೆಗಳನ್ನೂ ಒಂದೊಂದಾಗಿ ಹೊರಗೆ ಎಳೆದ್ರು.

ಅಕ್ಕನ ಹೆಸರಿನ ಚೀಲ ಮೂರೇ ಇದ್ದವು. "ನಾಲ್ಕನೇದು?"

"ಕಾಲು ಗಂಟೆ ಮುಂಚೆ ಆಪರೇಷನ್ ಥಿಯೇಟರಿಗೆ ಹೋಯ್ತು, ಅದುಮಿ ನೋಡಿರಲಿಲ್ಲ. ಅಲ್ಲಿ ಬೆಚ್ಚಗೆ ಮಾಡೋ ಯಂತ್ರದಲ್ಲಿ ಇಡ್ತಾರೆ." ಅವರು ಆಗಲೇ ಫೋನ್ ಎತ್ತಿದ್ರು. ಆ ಕಡೆ ಎಂಗೇಜ್.

ಥಿಯೇಟರಿಗೆ ಐದು ಮಹಡಿ ಹತ್ತಿದೆ; ಅಷ್ಟರಲ್ಲಿ ಅಕ್ಕನನ್ನ ಅಲ್ಲಿಗೆ ಕರ್ಕೊಂಡು ಹೋಗಿಯಾಗಿತ್ತು. ಉಸಿರು ಬಾಯಿಗೆ ಬಂದಿತ್ತು. ಬಾಗಿಲ ಗಾಜಿನಲ್ಲಿ ಅಕ್ಕ ಮೇಜಿನ ಮೇಲೆ ಮಲಗಿರೋದು ಕಾಣ್ತು, ಇನ್ನೂ ಕಣ್ಣು ಬಿಟ್ಟಿದ್ದಳು. ತಲೆಯ ಹತ್ತಿರದ ಕಂಬಿಯಲ್ಲಿ ಆ ಚೀಲ ನೇತಾಡ್ತಿತ್ತು, ಕರಗಿ, ಲಕ್ಷಣವಾಗಿ, ಕೆಂಪಗೆ. ನರ್ಸ್ ಅಡ್ಡ ಬಂದ್ರು. ನಾನು ಅವರ ಭುಜದ ಮೇಲಿಂದ ಡಾಕ್ಟರಿಗೆ ಕೇಳೋ ಹಾಗೆ ಹೇಳಿದೆ, "ಆ ಚೀಲ ಹಾಕಬೇಡಿ. ಮಂಜುಗಡ್ಡೆ ಆಗಿ ಕರಗಿದ ರಕ್ತ ಅದು. ತಪ್ಪು ನನ್ನದು." ಡಾಕ್ಟರು ಚೀಲ ಇಳಿಸಿದ್ರು. ಆಪರೇಷನ್ ನಿಂತುಹೋಯ್ತು.

ಮಧ್ಯಾಹ್ನಕ್ಕೆ ಸುದ್ದಿ ಬಂತು: ಬೇರೆ ಯಾವ ಆಸ್ಪತ್ರೆಯಲ್ಲೂ ಆ ಹೊತ್ತಲ್ಲಿ ಚೀಲ ಕೊಟ್ಟಿರಲಿಲ್ಲ. ಅಕ್ಕ ಮತ್ತೆ ಮೂರನೇ ಮಹಡಿಯ ಮಂಚಕ್ಕೆ ಬಂದಿದ್ದಳು. ಎಲ್ಲವನ್ನೂ ಹೇಳಿದೆ, ತಾತನ ಎರಡು ಸಾಲನ್ನೂ ಬಚ್ಚಿಡಲಿಲ್ಲ. ನನಗೆ ಅಳು ತಡೆಯೋಕೆ ಆಗಲಿಲ್ಲ.

ಅವಳು ಗೋಡೆ ಕಡೆ ತಿರುಗಿಕೊಂಡಳು. ಬೈದಿದ್ರೆ ಚೆನ್ನಾಗಿತ್ತು.

"ಇನ್ನೂ ಮೂರು ವಾರ," ಅಂದಳು. "ನೀನಲ್ಲ, ನಾನು ತಡ್ಕೋಬೇಕು."

"ಹೌದು ಅಕ್ಕ."

"ಲ್ಯಾಪ್‌ಟಾಪ್ ತಂದಿದೀಯಲ್ಲ, ತೆಗಿ. ಆ ಎರಡು ಸಾಲು ಈಗ ಬರಿ. ನನ್ನ ಕಣ್ಣೆದುರಿಗೇ."

ಸ್ಟೂಲ್ ಎಳೆದುಕೊಂಡು ಕೂತೆ. ಬರೀತಾ ಬರೀತಾ ಓದಿ ಹೇಳಿದೆ, "ಎರಡು ಸಾವಿರಕ್ಕಿಂತ ಕಮ್ಮಿ ಬಂದ್ರೆ ಒಪ್ಪಬೇಡ. ಆರು ಸಾವಿರಕ್ಕಿಂತ ಜಾಸ್ತಿ ಬಂದ್ರೂ ಒಪ್ಪಬೇಡ."

ಅಕ್ಕ ಹೊಟ್ಟೆ ಹಿಡಿದುಕೊಂಡು ಈ ಕಡೆ ಹೊರಳಿದಳು. ನೋವಿಗೆ ಅವಳ ಕಣ್ಣಲ್ಲಿ ನೀರಿತ್ತು.

"ಏನು ಎರಡು ಸಾವಿರ? ಕುರಿನಾ, ಕಲ್ಲಾ?" ಅಂದಳು. "ಅದನ್ನೂ ಬರಿ."

ಬರೆದೆ.