ತಿಳಿ ಎಂದು ಬರೆದ ನೀರು

ಮೂರು ವರ್ಷದಲ್ಲಿ ಒಂದೇ ಒಂದು ದಿನವೂ ನೀರು ಕದಡಿರಲಿಲ್ಲ. ದಾಖಲೆ ಪುಸ್ತಕದ ಪುಟ ತಿರುವಿದಂತೆಲ್ಲ ಅದೇ ದುಂಡನೆಯ ಅಕ್ಷರ, ಅದೇ ನೀಲಿ ಶಾಯಿ, ಅದೇ ಒಂದು ಪದ. ಮಳೆ ಹೊಡೆದ ದಿನವೂ ‘ತಿಳಿ’, ಬಿಸಿಲು ಕಾದ ದಿನವೂ ‘ತಿಳಿ’. ಇಂಥ ಪುಸ್ತಕ ಕಂಡರೆ ಯಾರಿಗಾದರೂ ಖುಷಿಯಾಗಬೇಕು. ತಪಾಸಣೆಗೆ ಬಂದ ಎಂಜಿನಿಯರ್ ಮಾತ್ರ ಮೊದಲ ಪುಟಕ್ಕೆ ಮರಳಿ ಮತ್ತೆ ಓದತೊಡಗಿದಳು.

ಕಟ್ಟೆ ದೊಡ್ಡದೇನಲ್ಲ. ಎರಡು ಗುಡ್ಡಗಳ ನಡುವೆ ಮಣ್ಣು ತುಂಬಿ, ದಮ್ಮಸು ಹೊಡೆದು, ಮೇಲೆ ಹುಲ್ಲು ಬೆಳೆಸಿದ ಉದ್ದನೆಯ ದಿಬ್ಬ. ಮಳೆನೀರು ಒಮ್ಮೆಲೇ ಕೆಳಗಿನ ಬೀದಿಗೆ ನುಗ್ಗದಂತೆ ತಡೆದು ಸ್ವಲ್ಪಸ್ವಲ್ಪವೇ ಬಿಡುವುದು ಅದರ ಕೆಲಸ. ಮಣ್ಣಿನ ಕಟ್ಟೆ ಎಂದಮೇಲೆ ಒಂದಿಷ್ಟು ಜಿನುಗುವುದು ಇದ್ದದ್ದೇ. ಜಿನುಗಿದ್ದು ಬುಡದ ಕೊಳವೆಯಿಂದ ಹೊರಗೆ ಬರುತ್ತದೆ. ಅದು ತಿಳಿಯಾಗಿದ್ದರೆ ಚಿಂತೆಯಿಲ್ಲ. ಕದಡಿದ್ದರೆ, ಕಟ್ಟೆ ತನ್ನ ಹೊಟ್ಟೆಯ ಮಣ್ಣನ್ನೇ ಕಕ್ಕುತ್ತಿದೆ ಎಂದರ್ಥ.

ಪುಸ್ತಕ ಬರೆದವರು ಅವಳ ಚಿಕ್ಕಪ್ಪ. ಇಪ್ಪತ್ತಾರು ವರ್ಷದಿಂದ ಕಟ್ಟೆಯ ಕಾವಲು ಅವರದೇ. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಸಾಕಿ ಓದಿಸಿದವರೂ ಅವರೇ. ಕಚೇರಿಯಲ್ಲಿ ಅವರ ಹೆಸರನ್ನು ಎಲ್ಲರೂ ಮರೆತು ‘ತಿಳಿನೀರು’ ಎಂದೇ ಕರೆಯುತ್ತಿದ್ದರು. ಹಿಂದಿನ ಎಂಜಿನಿಯರು ವರ್ಗವಾಗಿ ಹೋಗಿದ್ದರಿಂದ ಈ ಸಲದ ತಪಾಸಣೆ ಅವಳ ಕೊರಳಿಗೆ ಬಿದ್ದಿತ್ತು.

ಚಿಕ್ಕಪ್ಪ ಕೊಳವೆಯತ್ತ ಹೋಗದೆ ಮನೆಯಲ್ಲಿ ಕೂತೇ ಬರೆಯುತ್ತಾರೆ. ಅವಳಿಗೆ ಮೊದಲು ಬಂದ ಅನುಮಾನ ಅದು. ಕಟ್ಟೆಯ ಬುಡದಲ್ಲಿ ಒಂದೆಡೆ ಮಾತ್ರ ಹುಲ್ಲನ್ನು ನೆಲಮಟ್ಟ ಕತ್ತರಿಸಿದ್ದು ಕಂಡಾಗ ಎರಡನೆಯದು ಹುಟ್ಟಿತು. ತೇವವಿದ್ದ ಕಡೆ ಹುಲ್ಲು ದಟ್ಟವಾಗಿ ಬೆಳೆಯುತ್ತದೆ; ಕತ್ತರಿಸಿಬಿಟ್ಟರೆ ಯಾರ ಕಣ್ಣಿಗೂ ಬೀಳುವುದಿಲ್ಲ.

“ಇಲ್ಲಿ ಮಾತ್ರ ಯಾಕೆ ಕತ್ತರಿಸಿದ್ರಿ?”

“ಹಾವಿರತ್ತೆ ಪುಟ್ಟಿ.”

“ಆ ಕಡೆ ಹಾವಿರಲ್ವಾ?”

“ಆ ಕಡೆ ನಾನು ಹೋಗಲ್ಲ,” ಎಂದು ನಕ್ಕರು. ಯಾವ ಪ್ರಶ್ನೆ ಹಾಕಿದರೂ ಉತ್ತರ ಬಾಯಲ್ಲೇ ಸಿದ್ಧವಿತ್ತು. ಅದೂ ಅವಳಿಗೆ ಹಿಡಿಸಲಿಲ್ಲ.

ಮರುದಿನ ಮಗನನ್ನು ಸ್ಕೂಲ್ ಬಸ್ಸಿಗೆ ಹತ್ತಿಸುವ ಕೆಲಸ ಗಂಡನಿಗೆ ಹೊರಿಸಿ, ಹೇಳದೆ ಕೇಳದೆ ಬೆಳಿಗ್ಗೆ ಏಳಕ್ಕೇ ಕಟ್ಟೆಗೆ ಹೋದಳು. ಚಿಕ್ಕಪ್ಪ ಕೊಳವೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಗಾಜಿನ ಜಾಡಿಗೆ ನೀರು ಹಿಡಿಯುತ್ತಿದ್ದರು. ಅವಳ ಮುಖ ಸಣ್ಣದಾಯಿತು.

“ಏನು ಎಂಜಿನಿಯರಮ್ಮ, ಕಳ್ಳನ್ನ ಹಿಡಿಯೋಕೆ ಬಂದ್ರಾ?”

“ಈ ಕಡೆ ಕೆಲಸ ಇತ್ತು.”

“ಈ ಕಡೆ ನಾನೊಬ್ಬನೇ ಇರೋದು.”

ಜಾಡಿ ತುಂಬಿತು. ಅವರು ಅದರತ್ತ ಕಣ್ಣೆತ್ತಿಯೂ ನೋಡದೆ ಮುಚ್ಚಳ ಹಾಕಿ, ಎಳೆಗೂಸನ್ನು ಹಿಡಿದಂತೆ ಎದೆಗೊತ್ತಿಕೊಂಡು ಶೆಡ್ಡಿಗೆ ಒಯ್ದು, ಕಿಟಕಿಯ ಹಲಗೆಯ ಮೇಲಿಟ್ಟರು. ಆಮೇಲೆ ನೆಲ ಗುಡಿಸಿದರು, ಡಬ್ಬಿ ಬಿಚ್ಚಿ ತಿಂಡಿ ತಿಂದರು, ಕೈ ತೊಳೆದರು, ಹಾಜರಿಗೆ ಸಹಿ ಹಾಕಿದರು. ಒಂದೂವರೆ ಗಂಟೆ ಕಳೆದ ಮೇಲೆ ಜಾಡಿಯ ಹಿಂದೆ ಕ್ಯಾಲೆಂಡರ್ ಹಿಡಿದು, ಗಾಜಿನ ಮೂಲಕ ತಾರೀಖನ್ನು ಗಟ್ಟಿಯಾಗಿ ಓದಿದರು. ಪುಸ್ತಕ ಎಳೆದುಕೊಂಡು ‘ತಿಳಿ’ ಎಂದು ಬರೆದರು.

“ಹಿಡಿದ ತಕ್ಷಣ ಯಾಕೆ ನೋಡ್ಲಿಲ್ಲ?”

“ಹೊರಗೆ ಬಂದ ನೀರು ಗಾಬರಿಯಲ್ಲಿರತ್ತೆ ಪುಟ್ಟಿ. ಸುಧಾರಿಸ್ಕೊಳ್ಳೋಕೆ ಬಿಡಬೇಕು. ಅಲುಗಾಡೋ ನೀರನ್ನ ಓದಬಾರದು ಅಂತ ಹಳೇ ಸಾಹೇಬ್ರು ಮೊದಲನೇ ದಿನಾನೇ ಹೇಳಿಕೊಟ್ಟಿದ್ರು.”

“ಅವರು ಹೇಳಿದ್ದು ನೀರಿನ ಮಟ್ಟ ಓದೋಕೆ, ಚಿಕ್ಕಪ್ಪ. ಬಣ್ಣ ನೋಡೋಕಲ್ಲ.”

ಅವರು ದಿನದ ಅಭ್ಯಾಸದಂತೆ ಜಾಡಿಯನ್ನು ಮೆಲ್ಲಗೆ ಬಾಗಿಸಿ ಮೇಲಿನ ನೀರನ್ನು ಕಿಟಕಿಯಾಚೆ ಚೆಲ್ಲಿದರು. ತಳದಲ್ಲಿ ಉಗುರಿನಷ್ಟು ದಪ್ಪಕ್ಕೆ ಕೂತಿದ್ದ ಕೆನೆಬಣ್ಣದ ರಾಡಿಯನ್ನು ಕುಲುಕಿ, ಬಾಗಿಲ ಪಕ್ಕದ ಹೂಗಿಡದ ತೊಟ್ಟಿಗೆ ಸುರಿದರು. ಅವಳು ತೊಟ್ಟಿಗೆ ಬೆರಳು ಹಾಕಿದಳು. ಬೆರಳು ಬುಡದವರೆಗೂ ಇಳಿಯಿತು. ಒಂದು ಹರಳಿಲ್ಲ, ಒಂದು ಬೇರಿಲ್ಲ, ಬೆಣ್ಣೆಯಂಥ ಜೇಡಿ. ಗಿಡದ ಕೆಳಗಿನ ಎರಡು ಕವಲುಗಳು ಅದರೊಳಗೆ ಹೂತುಹೋಗಿದ್ದವು.

“ಈ ತೊಟ್ಟಿಗೆ ಮಣ್ಣು ಯಾವಾಗ ಹಾಕಿದ್ದು?”

“ಹಾಕಿಲ್ಲ. ತಾನಾಗೇ ತುಂಬ್ಕೊಂತು,” ಎಂದವರು ತಮ್ಮ ಮಾತು ತಮಗೇ ಕೇಳಿಸಿದಂತೆ ತೊಟ್ಟಿಯತ್ತ ಬಗ್ಗಿ ನೋಡಿದರು.

ಅವಳು ಜಾಡಿ ಕಸಿದುಕೊಂಡು ಕೊಳವೆಯತ್ತ ಓಡಿದಳು. ನೀರು ಹಿಡಿದು ಅಲ್ಲೇ ಬೆಳಕಿಗೆ ಎತ್ತಿದಳು. ಅಕ್ಕಿ ತೊಳೆದ ನೀರಿನ ಹಾಗಿತ್ತು. ಕಟ್ಟೆಯ ಹಿಂದೆ ಮುಕ್ಕಾಲು ತುಂಬಿದ ನೀರು. ನಾಡಿದ್ದು ಭಾರಿ ಮಳೆಯ ಮುನ್ಸೂಚನೆ. ಕೆಳಗೆ ನೂರೆಂಬತ್ತು ಮನೆ.

ಫೋನಿನಲ್ಲಿ ಮೇಲಧಿಕಾರಿ ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. “ಒಂದು ದಿನ ಕದಡಿದ್ದಕ್ಕೆ ನೀರು ಇಳಿಸಿದ್ರೆ ಕೆಳಗಿನ ದಾರಿ ವಾರಗಟ್ಟಲೆ ಮುಳುಗತ್ತೆ ಕಣ್ರೀ. ಜನ ನಮ್ಮನ್ನ ಹುರಿದು ಮುಕ್ತಾರೆ. ಮೂರು ವರ್ಷದ ದಾಖಲೆ ಸರಿಯಿದ್ರೆ ಇನ್ನೂ ಮೂರು ತಿಂಗಳು ನೋಡಿ ಅಂತಿದೆ ನಿಯಮ.”

“ದಾಖಲೆ ನಂಬೋ ಹಾಗಿಲ್ಲ ಅಂದ್ರೆ?”

ಮೇಲಧಿಕಾರಿಯ ದನಿ ತಗ್ಗಿತು. “ಹಾಗಂತ ಬರೆದು ಸಹಿ ಹಾಕಿ, ಇವತ್ತೇ ಇಳಿಸಬಹುದು. ಆದ್ರೆ ಬರೆದೋರು ಯಾರು ಅಂತ ನಿಮಗೆ ಗೊತ್ತಲ್ಲ? ಇಪ್ಪತ್ತಾರು ವರ್ಷ ನೀರಲ್ಲಿ ಹೋಮ ಆಗತ್ತೆ.”

ಅವಳು ಶೆಡ್ಡಿಗೆ ಬಂದು ತಪಾಸಣೆಯ ನಮೂನೆ ಬಿಡಿಸಿದಳು. ಚಿಕ್ಕಪ್ಪ ಮೆಲುದನಿಯಲ್ಲಿ ಹೇಳಿದರು: “ಮೂರು ತಿಂಗಳು ಅಂದ್ರೆ ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಹೋಗತ್ತೆ. ನಾಳೆಯಿಂದ ಹಿಡಿದ ತಕ್ಷಣ ನೋಡ್ತೀನಿ. ಆಗಲ್ವಾ?”

ಬೆನ್ನ ಹಿಂದೆ ನಿಂತು ಫೋನಿನ ಜೋರು ಮಾತನ್ನು ಕದ್ದು ಕೇಳಿದ್ದಾರೆ ಎಂದು ಅವಳಿಗೆ ಗೊತ್ತಾಯಿತು. ಅದರ ಬೆನ್ನಿಗೇ ಇನ್ನೊಂದು ನೆನಪು ಚುಚ್ಚಿತು. ಕೆಳಗಿನ ಬೀದಿಯಲ್ಲಿದ್ದ ತಮ್ಮ ಮಗಳು-ಅಳಿಯನನ್ನು ಚಿಕ್ಕಪ್ಪ ಹೋದ ವರ್ಷ ಹಟ ಹಿಡಿದು ಗುಡ್ಡದ ಮೇಲಿನ ಮನೆಗೆ ಸಾಗಿಸಿದ್ದರು.

“ತಂಗೀನ ಕೆಳಗಿನ ಬೀದಿಯಿಂದ ಯಾಕೆ ಬಿಡಿಸಿದ್ರಿ?”

“ಗೋಡೆ ತೇವ ಇತ್ತಲ್ಲ. ಮೊಮ್ಮಗಳಿಗೆ ಕೆಮ್ಮು.”

“ಕೆಮ್ಮು ಹೋಯ್ತಾ?”

“ಇಲ್ಲ.”

“ಚಿಕ್ಕಪ್ಪ, ನಿಮಗೆ ಗೊತ್ತಿತ್ತಾ?”

ಅವರು ಕಿಟಕಿಯ ಹಲಗೆಯನ್ನು ಅಂಗೈಯಿಂದ ಒರೆಸುತ್ತಾ ನಿಂತರು. ಅಲ್ಲಿ ಒರೆಸುವಂಥದ್ದೇನೂ ಇರಲಿಲ್ಲ. “ಗೊತ್ತು ಅಂತ ಹೇಗೆ ಹೇಳ್ಲಿ? ಅನುಮಾನ ಇತ್ತು. ತಳದಲ್ಲಿ ಮಣ್ಣು ಜಾಸ್ತಿ ಕೂರ್ತಾ ಬಂತು. ಆದ್ರೆ ನೋಡೋ ಹೊತ್ತಿಗೆ ತಿಳಿಯಾಗೇ ಇರ್ತಿತ್ತು. ಪುಸ್ತಕದಲ್ಲಿ ಇರೋದು ಎರಡೇ ಕಾಲಂ, ತಿಳಿ, ಕದಡು. ಅನುಮಾನಾನ ಎಲ್ಲಿ ಬರೀಲಿ?”

“ನನ್ನ ಕಿವಿಗೆ ಹಾಕಬಹುದಿತ್ತು.”

“ಹಾಕಿದ್ರೆ ನೀನು ಸುಮ್ನಿರ್ತಿದ್ಯಾ?”

“ಒಂದು ಮನೆ ಬಿಡಿಸಿದ್ರಿ. ಉಳಿದವರು?”

ಅವರ ಅಂಗೈ ಮತ್ತೆ ಹಲಗೆಯ ಮೇಲೆ ಸರಿದಾಡಿತು.

ಅವಳು ಬರೆಯತೊಡಗಿದಳು. ಕಟ್ಟೆಯ ಸ್ಥಿತಿ: ಅತೃಪ್ತಿಕರ. ಹಿಂದಿನ ದಾಖಲೆ ನಂಬಲರ್ಹವೇ: ಪೆನ್ನು ನಿಂತಿತು. ಅವಳ ಪರೀಕ್ಷೆಯ ಅರ್ಜಿಗಳನ್ನೆಲ್ಲ ತುಂಬಿಕೊಟ್ಟಿದ್ದು ಇದೇ ದುಂಡನೆಯ ಅಕ್ಷರ. ‘ಇಲ್ಲ’ ಎಂದು ಬರೆದಳು. ಕಾರಣ: ‘ಹಿಡಿದ ನೀರನ್ನು ಮಣ್ಣು ತಳಕ್ಕೆ ಕೂತ ಮೇಲೆ ಪರಿಶೀಲಿಸಲಾಗಿದೆ.’ ಸಹಿ ಹಾಕಿದಳು.

ಚಿಕ್ಕಪ್ಪ ಕನ್ನಡಕ ಏರಿಸಿ ಓದಿದರು. “ಇಷ್ಟೇನಾ? ನನ್ನ ಅನುಮಾನದ ಮಾತೇ ಇಲ್ವಲ್ಲ.”

“ಇಷ್ಟೇ.”

ಅವರು ಅವಳನ್ನೇ ದಿಟ್ಟಿಸಿದರು. ಎರಡು ದಿನದಿಂದ ಅವಳು ಅವರನ್ನು ನೋಡುತ್ತಿದ್ದ ಹಾಗೆಯೇ ಇತ್ತು ಆ ನೋಟ. ಅದನ್ನು ಎದುರಿಸಲಾಗದೆ ಅವಳು ನೀರು ಬಿಡುವ ತೂಬಿನ ಕಡೆ ನಡೆದಳು.

ತೂಬಿನ ಚಕ್ರ ಬಿಗಿದುಕೊಂಡಿತ್ತು. ಇಬ್ಬರೂ ಸೇರಿ ತಿರುಗಿಸಿದರು. ಕೆಳಗೆ ನೀರು ಮೊದಲು ಗೊರಗುಟ್ಟಿ, ಆಮೇಲೆ ಬಿಳಿಯಾಗಿ ಚಿಮ್ಮಿ ಹಳ್ಳಕ್ಕೆ ಧುಮುಕಿತು. ಕಾಲು ಗಂಟೆಯೊಳಗೆ ಅವಳ ಫೋನು ಹೊಡೆದುಕೊಂಡಿತು. ಕೆಳಗಿನ ಬೀದಿಯ ದರ್ಜಿ.

“ಏನ್ ಮೇಡಂ, ದಾರಿಯೆಲ್ಲ ನೀರು! ಹೇಳದೇ ಬಿಡೋದಾ? ಏನಾದ್ರೂ ಅಪಾಯನಾ?”

ತಪಾಸಣೆಗಾಗಿ ಬಿಟ್ಟಿದ್ದೇವೆ, ಗಾಬರಿ ಬೇಡ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. “ಹೌದು, ಅಪಾಯ ಇದೆ,” ಎಂದಳು. “ಕಟ್ಟೆ ಒಳಗಿಂದ ಕೊರೆದುಹೋಗ್ತಿದೆ. ಎಲ್ಲರಿಗೂ ಹೇಳಿ. ಮಕ್ಕಳು, ಮುದುಕರು ಇವತ್ತೇ ಮೇಲಕ್ಕೆ ಬರಲಿ. ನಾವೂ ಬರ್ತಿದೀವಿ.”

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು. ದರ್ಜಿ ಕೇಳಿದ: “ಯಾವಾಗಿಂದ?”

ಅವಳು ಫೋನನ್ನು ಕಿವಿಯಿಂದ ಇಳಿಸಿ ಚಿಕ್ಕಪ್ಪನತ್ತ ತಿರುಗಿದಳು.

ಚಕ್ರದ ತುಕ್ಕು ಮೆತ್ತಿದ ಕೈಯನ್ನು ಚಿಕ್ಕಪ್ಪ ಅಂಗಿಗೆ ಒರೆಸಿಕೊಂಡು ಮುಂದೆ ಚಾಚಿದರು. “ಕೊಡು ಇಲ್ಲಿ.”

ಕೊಟ್ಟಳು.

“ಕಟ್ಟೆ ಕಾವಲಿನವನು ಮಾತಾಡ್ತಿರೋದು,” ಎಂದರು. “ಹೋದ ವರ್ಷದಿಂದ ಕಣಪ್ಪ.”