ಖಾಜಾ ಪೀರ್ ಕಟ್ಟಿದ ಜಿಪ್ಸಿ

ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯಲ್ಲಿ ಖಾಜಾ ಪೀರ್‌ನ ಗ್ಯಾರೇಜಿದೆ. ಅಲ್ಲಿಗೆ ಗಾಡಿ ತಂದವರಿಗೆ ಮೊದಲು ಬೈಗುಳ, ಆಮೇಲೆ ರಿಪೇರಿ. ಮೂವತ್ತು ವರ್ಷ ಜೀಪುಗಳ ಹೊಟ್ಟೆಯಡಿ ಅಂಗಾತ ಮಲಗಿದ ಈ ಮಹಾನುಭಾವ, ಅಷ್ಟು ಕೆಳಗಿನಿಂದಲೇ ಇಡೀ ಊರನ್ನು ಕೀಳಾಗಿ ನೋಡುವುದನ್ನು ಕಲಿತಿದ್ದ. ಷೋರೂಮಿನವರೆಂದರೆ ನಟ್ಟು ತಿರುಗಿಸಲು ಬಾರದ ಗುಮಾಸ್ತರು. ಫೋನಿನಲ್ಲಿ ನೋಡಿ ಕೆಲಸ ಕಲಿತವರು ಕಾಲಕಸ. ಇನ್ನು ಗಾಡಿಗಳ ಮಾಲೀಕರ ಮಾತೇ ಬೇಡ, ಗಾಡಿ ಕೆಡುವುದೇ ಅವರಿಂದ.

ಮಂಚೇನಹಳ್ಳಿಯ ಸುನೀಲ್‌ಕುಮಾರ್ ತುಕ್ಕು ಹಿಡಿದ ಹಳೆಯ ಜಿಪ್ಸಿ ಜೀಪೊಂದನ್ನು ಲಾರಿಯಲ್ಲಿ ಹೇರಿಕೊಂಡು ಬಂದು, ಬಂಡೆ ಹತ್ತುವ ಹಾಗೆ ಕಟ್ಟಿಕೊಡಿ ಅಂದಾಗ ಪೀರ್ ನೋಡಿದ್ದು ಗಾಡಿಯನ್ನಲ್ಲ, ಅವನ ಕೈಯ ಚರ್ಮದ ಗ್ಲೌಸನ್ನು. ದುಂಡು ಮೈ, ಮೆತ್ತನೆ ಮಾತು, ಕೋಳಿ ಫಾರಂ ಮಾಲೀಕ. ಫೋಟೋ ತೆಗೆಸಿಕೊಳ್ಳಲೆಂದೇ ಹುಟ್ಟಿದವನು ಎಂದು ಅಲ್ಲೇ ತೀರ್ಪು ಕೊಟ್ಟುಬಿಟ್ಟ. ಆದರೂ ಕೆಲಸ ಒಪ್ಪಿಕೊಂಡ. ಒಪ್ಪದೆ ವಿಧಿಯಿರಲಿಲ್ಲ. ಹಳೆಯ ಜೀಪುಗಳೆಲ್ಲ ಗುಜರಿಗೆ ಹೋಗಿ, ಹೊಸವು ಷೋರೂಮಿಗೆ ಹೋಗಿ, ಗ್ಯಾರೇಜಿನಲ್ಲಿ ಎರಡು ಗೂಡ್ಸ್ ಆಟೋ ಬಿಟ್ಟರೆ ಬರೀ ನೊಣ.

ಅದೇ ಹೊತ್ತಿಗೆ ಚಿಕ್ಕಬಳ್ಳಾಪುರದ ಚಿರಂಜೀವಿ ಎಂಬವನು, ಬಂಡೆಗೆ ಗಾಡಿ ಹತ್ತಿಸುವ ಹುಚ್ಚಿನ ಗೆಳೆಯರ ಗುಂಪು ಕಟ್ಟಿಕೊಂಡವನು, ಒಂದು ಮಾತು ಕಳಿಸಿದ್ದ. ಸಾದಲಿ ಕಡೆಯ ಬೋಳು ಬಂಡೆಯನ್ನು ಪೀರ್ ಕಟ್ಟಿದ ಗಾಡಿ ಹತ್ತಿದರೆ ತಮ್ಮ ಆರೂ ಗಾಡಿಗಳು ಅವನ ಗ್ಯಾರೇಜಿಗೆ ಬರುತ್ತವೆ ಅಂತ. ಹತ್ತದಿದ್ದರೆ ಶಟರ್ ಎಳೆಯುವುದೇ ಎಂದು ಪೀರ್‌ಗೆ ಗೊತ್ತಿತ್ತು.

ನಾಲ್ಕು ತಿಂಗಳು ದುಡಿದ. ಆ ದುಡಿಮೆಗೆ ಕೊಂಕು ಹೇಳುವವನ ನಾಲಿಗೆ ಸೇದಿಹೋಗಲಿ. ತುಕ್ಕು ತಿಂದ ತಗಡನ್ನೆಲ್ಲ ಕತ್ತರಿಸಿ ಹೊಸದನ್ನು ಬೆಸೆದ. ಆಕ್ಸಲ್ ಕೆಳಗಿದ್ದ ಕಮಾನು ಪಟ್ಟಿಗಳನ್ನು ಮೇಲೆ ಕೂರಿಸಿ ಗಾಡಿಯನ್ನು ಗೇಣುದ್ದ ಎತ್ತರಿಸಿದ. ದೊಡ್ಡ ಟೈರು ಹಾಕಿದ, ಅದನ್ನು ತಿರುಗಿಸುವ ಶಕ್ತಿ ಬರಲೆಂದು ಗೇರಿನ ಹಲ್ಲುಗಳನ್ನೇ ಬದಲಿಸಿದ, ಬ್ರೇಕಿನ ಪೈಪು ಉದ್ದ ಮಾಡಿದ. ಒಂದು ಚಕ್ರ ಗಾಳಿಯಲ್ಲಿ ತೇಲಿದರೂ ಇನ್ನೊಂದು ಎಳೆಯಲೆಂದು ಹಿಂದಿನ ಡಿಫರೆನ್ಷಿಯಲ್‌ಗೆ ಲಾಕ್ ಕೂರಿಸಿದ. ಸುನೀಲ್‌ಕುಮಾರ್ ವಾರಕ್ಕೊಮ್ಮೆ ಬಂದು ಸುಮ್ಮನೆ ಕೂತು ನೋಡುತ್ತಿದ್ದ. ಲೋ ಗೇರಿನಲ್ಲಿ ಹತ್ತುವಾಗ ಕ್ಲಚ್ಚಿನ ಮೇಲೆ ಕಾಲಿಟ್ಟೆಯೋ ಕೆಟ್ಟೆ ಎಂದು ಪೀರ್ ಹತ್ತು ಸಲ ಪಾಠ ಹೇಳಿದ. ಅವನು ಹತ್ತು ಸಲವೂ ತಲೆಯಾಡಿಸಿದ. ಅದೂ ಪೀರ್‌ಗೆ ದಡ್ಡತನವಾಗಿಯೇ ಕಂಡಿತು.

ಒಂದು ವಿಷಯ ಮಾತ್ರ ಹೆಂಡತಿ ಜಾಹಿದಾಗೆ ಗೊತ್ತಿತ್ತು, ಊರಿಗೆ ಗೊತ್ತಿರಲಿಲ್ಲ. ಪೀರ್ ಒಮ್ಮೆಯೂ ಯಾವ ಗಾಡಿಯನ್ನೂ ಟಾರು ರಸ್ತೆ ಬಿಟ್ಟು ಇಳಿಸಿದವನಲ್ಲ. ಅವಳು ಅದನ್ನೆತ್ತಿದರೆ, ಡೋಲು ಮಾಡುವವನು ಕುಣಿಯಬೇಕೇನು ಎಂದು ಗದರುತ್ತಿದ್ದ.

ಆ ಭಾನುವಾರ ಬೆಳಿಗ್ಗೆ ಬಂಡೆಯ ಬುಡದಲ್ಲಿ ಐವತ್ತು ಜನ. ಚಿರಂಜೀವಿಯ ಕಡೆಯವರ ಮೈತುಂಬ ಜೇಬಿರುವ ಪ್ಯಾಂಟುಗಳನ್ನು ನೋಡಿಯೇ ಪೀರ್‌ನ ಪಿತ್ತ ನೆತ್ತಿಗೇರಿತ್ತು. ಸುನೀಲ್‌ಕುಮಾರ್ ಸೀಟಿನಲ್ಲಿ ಕೂತು ಗ್ಲೌಸು ಏರಿಸತೊಡಗಿದ. ಪೀರ್‌ಗೆ ತಡೆಯಲಾಗಲಿಲ್ಲ.

"ಕೋಳಿ ಹಿಡಿಯೋ ಕೈಗೆಲ್ಲ ಇದು ಬಗ್ಗಲ್ಲ ಸಾರ್. ಇಳೀರಿ ಕೆಳಗೆ. ಕಟ್ಟಿದೋನಿಗೆ ಓಡ್ಸಕ್ಕೂ ಬರುತ್ತೆ."

ಎಲ್ಲರೂ ನಕ್ಕರು. ಸುನೀಲ್‌ಕುಮಾರ್ ತಾನೂ ಸ್ವಲ್ಪ ನಕ್ಕು ಇಳಿದ. ನಗು ನಿಂತ ಮೇಲೆಯೇ ಪೀರ್‌ಗೆ ತಾನೇನು ಅಂದೆನೆಂದು ಅರ್ಥವಾದದ್ದು. ಐವತ್ತು ಜನರ ಮುಂದೆ ಬಾಯಿ ಆಡಿಬಿಟ್ಟಿತ್ತು, ಈಗ ಕೈಕಾಲು ಆಡಬೇಕಿತ್ತು.

ಮೊದಲ ಹತ್ತು ಮಾರು ಗಾಡಿಯೇ ಹತ್ತಿತು. ಅಷ್ಟು ಚೆನ್ನಾಗಿ ಕಟ್ಟಿದ್ದ. ಆಮೇಲೆ ಬಾನೆಟ್ಟು ಮೇಲೆದ್ದು ಕಣ್ಣಿಗೆ ಬಂಡೆ ಕಾಣದಾಯಿತು, ಬರೀ ಆಕಾಶ. ಎಡಗಾಲು ತಾನಾಗಿ ಹೋಗಿ ಕ್ಲಚ್ಚನ್ನು ಒತ್ತಿತು. ಗಾಡಿ ಹಿಂದಕ್ಕೆ ಜಾರಿತು. ಹ್ಯಾಂಡ್‌ಬ್ರೇಕ್ ಎಳೆದ, ಬ್ರೇಕ್ ತುಳಿದ, ಗಾಬರಿಯಲ್ಲಿ ಕೀ ತಿರುಗಿಸಿ ಇಂಜಿನ್ನನ್ನೇ ಆಫ್ ಮಾಡಿದ. ಹಿಂದಿನ ಚಕ್ರ ಒಂದು ಕೊರಕಲಿಗೆ ಬಿದ್ದು ಗಾಡಿ ವಾಲಿ ನಿಂತಿತು. ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಅವನಿಗೆ ಯಾರನ್ನೂ ಬೈಯಲು ತೋಚಲಿಲ್ಲ.

ಸುನೀಲ್‌ಕುಮಾರ್ ಬಂಡೆ ಹತ್ತಿ ಬಾಗಿಲ ಬಳಿ ಬಂದ. ಕೆಳಗಿನವರಿಗೆ ಕೇಳದ ಹಾಗೆ ಹೇಳಿದ:

"ಗೇರಲ್ಲೇ ಐತೆ ಸಾಬ್ರೆ. ಕ್ಲಚ್ಚಿಂದ ಕಾಲು ತೆಗೀರಿ, ಅದೇ ನಿಂತ್ಕೊಳ್ಳುತ್ತೆ. ನಿಧಾನ. ನಾನಿದೀನಿ."

ಪೀರ್ ಕಾಲು ತೆಗೆದ. ಗಾಡಿ ಅಲುಗದೆ ಗೇರಿನಲ್ಲೇ ನಿಂತಿತು. ಸುನೀಲ್‌ಕುಮಾರ್ ಅವನನ್ನು ಪಕ್ಕದ ಸೀಟಿಗೆ ಸರಿಸಿ ತಾನು ಕೂತು, ಡಿಫರೆನ್ಷಿಯಲ್ ಲಾಕ್ ಹಾಕಿ, ಕ್ಲಚ್ ಮುಟ್ಟದೆ ಕೀ ತಿರುಗಿಸಿ, ಎಮ್ಮೆ ಕೆರೆಯಿಂದ ಎದ್ದು ಬರುವಷ್ಟು ನಿಧಾನವಾಗಿ ನೆತ್ತಿಗೆ ಹತ್ತಿಸಿದ. ಫಾರಂ ಇರುವುದು ನಮ್ಮೂರ ಗುಡ್ಡದ ಹಿಂದೆ, ಎಂಟು ವರ್ಷದಿಂದ ಒಂದು ಹಳೆ ಜೀಪಿನಲ್ಲಿ ಬಂಡೆ ಮೇಲೇ ಕೋಳಿ ಫೀಡು ಹೊತ್ತಿದ್ದೇನೆ ಎಂದು ದಾರಿಯಲ್ಲಿ ಹೇಳಿದ. ಪೀರ್ ಯಾವತ್ತೂ ಕೇಳಿರಲಿಲ್ಲ.

ಜನರನ್ನೆಲ್ಲ ಹಿಂದಿಟ್ಟುಕೊಂಡು ಏದುಸಿರು ಬಿಡುತ್ತ ಹತ್ತಿ ಬಂದ ಚಿರಂಜೀವಿ, ನಡುವೆ ಏನಾಯಿತು ಎಂದು ಕೇಳಿದ. ಸುನೀಲ್‌ಕುಮಾರ್ ತಡಮಾಡಲಿಲ್ಲ. ಇಳಿಜಾರಲ್ಲಿ ಆಫಾದರೂ ಗಾಡಿ ಹೇಗೆ ನಿಲ್ಲುತ್ತದೆಂದು ಸಾಬ್ರು ಬೇಕೆಂದೇ ನಿಲ್ಲಿಸಿ ತೋರಿಸಿದರು, ಮಿಕ್ಕಿದ್ದನ್ನು ನನಗೆ ಬಿಟ್ಟುಕೊಟ್ಟರು ಅಂದ. ಐವತ್ತು ಜನ ಚಪ್ಪಾಳೆ ಹೊಡೆದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಪೀರ್ ಎದೆ ಸೆಟೆಸಿ ನಿಂತು ಆ ಸುಳ್ಳನ್ನು ನುಂಗಿದ.

ಆರು ಗಾಡಿಗಳೂ ಬಂದವು. ಗ್ಯಾರೇಜು ಉಳಿಯಿತು. ಬಂದವರೆಲ್ಲ ಆ ನಿಲ್ಲಿಸಿ ತೋರಿಸಿದ ಕಥೆಯನ್ನೇ ಹೇಳುತ್ತಿದ್ದರು, ಪೀರ್ ಮತ್ತೆ ಎಲ್ಲರನ್ನೂ ಬೈಯತೊಡಗಿದ್ದ. ಸುನೀಲ್‌ಕುಮಾರ್ ಬಂದಾಗ ಮಾತ್ರ ಬೈಗುಳ ಬಾಯಿಗೆ ಬರುತ್ತಿರಲಿಲ್ಲ. ಎದುರಿಗೆ ಕೂತವನ ಕಣ್ಣಲ್ಲಿ ಅಣಕವಾದರೂ ಇದ್ದಿದ್ದರೆ ತಾಳಿಕೊಳ್ಳುತ್ತಿದ್ದ. ಇದ್ದದ್ದು ಕನಿಕರ. ಅದನ್ನು ಪೀರ್ ಕ್ಷಮಿಸಲಿಲ್ಲ.

ಮೂರನೆಯ ಸಲ ಅವನು ಆಯಿಲ್ ಬದಲಿಸಿಕೊಳ್ಳಲು ಬಂದಾಗ ಪೀರ್ ತಲೆಯೆತ್ತದೆ ಹೇಳಿದ.

"ಇನ್ಮೇಲೆ ನಿಮ್ ಗಾಡಿ ಬೇರೆ ಕಡೆ ತೋರಿಸ್ಕೊಳ್ಳಿ ಸಾರ್. ನನಗೆ ಕೆಲಸ ಜಾಸ್ತಿ."

ಸುನೀಲ್‌ಕುಮಾರ್ ಯಾಕೆಂದು ಕೇಳಲಿಲ್ಲ. "ಆಗ್ಲಿ ಸಾಬ್ರೆ," ಎಂದು ಗಾಡಿ ತಿರುಗಿಸಿಕೊಂಡು ಹೋದ.